ಎರಡೋ ಮೂರೋ

ಫೆಬ್ರವರಿ 9, ಸೋಮವಾರ

ಇಂದು ಮೊದಲ ಟ್ರೇಯ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಲ್ಲಿ ಓದಿ ಮುಗಿಸಿದೆ. ಒಂದೊಂದು ಸ್ಲೈಡಿನ ಮೇಲೂ ಯಾರೋ ಒಬ್ಬಾಕೆಯ ಸ್ತನದಿಂದ ತೆಗೆದ ಗಡ್ಡೆಯ ಚೂರು, ಕೂದಲಿಗಿಂತ ತೆಳ್ಳಗೆ ಕೊಯ್ದದ್ದು. ಹೆಸರಿಲ್ಲ, ನಂಬರ್ ಮಾತ್ರ. ಅದರ ಮೇಲೆ ಆಂಟಿಬಾಡಿ ಹಾಕಿ ರಾತ್ರಿಯಿಡೀ ಬಿಟ್ಟರೆ ಅದು ಸಾವಿರಾರು ಪ್ರೋಟೀನುಗಳ ನಡುವೆ ತನಗೆ ಬೇಕಾದ ಒಂದನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದ ಕಡೆಯಲ್ಲೆಲ್ಲ ಕಂದು ಬಣ್ಣ ಬರುವಂತೆ ಮಾಡುತ್ತೇವೆ. ಕ್ಯಾನ್ಸರಿನ ಕೋಶಗಳು ಅಕ್ಕಪಕ್ಕದವುಗಳ ಹಿಡಿತ ಬಿಡಿಸಿಕೊಂಡು ಮೈಯ ಬೇರೆ ಜಾಗಕ್ಕೆ ಹೊರಡುವಾಗ ಈ ಪ್ರೋಟೀನ್ ಹೆಚ್ಚುತ್ತದೆ ಎಂಬುದು ನನ್ನ ಊಹೆ. ಕಂದು ಇಲ್ಲದಿದ್ದರೆ ಸೊನ್ನೆ, ಮಸುಕಾಗಿದ್ದರೆ ಒಂದು, ಚೆನ್ನಾಗಿದ್ದರೆ ಎರಡು, ದಟ್ಟವಾಗಿದ್ದರೆ ಮೂರು. ಇಷ್ಟು ವರ್ಷದ ಕೆಲಸ ಕೊನೆಗೆ ಈ ನಾಲ್ಕು ಅಂಕಿಗಳ ಮೇಲೆ ನಿಂತಿದೆ.

ಒಬ್ಬಳೇ ಓದುವಂತಿಲ್ಲ. ಅದೇ ಸ್ಲೈಡನ್ನು ಇನ್ನೊಬ್ಬರು ಬೇರೆ ಕೋಣೆಯಲ್ಲಿ ಕೂತು ಓದುತ್ತಾರೆ. ಇಬ್ಬರೂ ಅಂಕಿಗಳ ಬಗ್ಗೆ ಮಾತಾಡಿಕೊಳ್ಳಬಾರದು. ಈ ನಿಯಮಗಳನ್ನೆಲ್ಲ ಬರೆದವಳು ನಾನೇ. ಆ ಇನ್ನೊಬ್ಬರು ನಿವೃತ್ತರಾದ ಮೇಲೂ ಬಿಡದೆ ಬರುವ ಪೆಥಾಲಜಿ ಪ್ರೊಫೆಸರ್. ಮಾತನ್ನು ತೂಗಿ ತೂಗಿ ಆಡುತ್ತಾರೆಂದು ಬೆನ್ನ ಹಿಂದೆ ಎಲ್ಲರೂ ಅವರನ್ನು ತಕ್ಕಡಿ ಎನ್ನುತ್ತಾರೆ. ಇವತ್ತು ಕೇಳಿದೆ:

‘ಎರಡೋ ಮೂರೋ ಅಂತ ಅನುಮಾನ ಬಂದ್ರೆ ಏನ್ಮಾಡ್ತೀರಿ ಸರ್?’

‘ಎದ್ದು ಹೋಗಿ ಒಂದು ಲೋಟ ನೀರು ಕುಡೀತೀನಿ.’

‘ಆಮೇಲೆ?’

‘ಬಂದು ಮತ್ತೆ ನೋಡ್ತೀನಿ. ಎರಡು ಅನ್ನೋಕೆ ಕಾರಣ ಹುಡುಕ್ತಾ ಇದೀನಿ ಅನ್ನಿಸಿದ್ರೆ ಮೂರು ಬರೀತೀನಿ. ಮೂರಕ್ಕೆ ಕಾರಣ ಬೇಕಾಗಲ್ಲ ಮೇಡಂ, ಅದು ತಾನಾಗೇ ಕಾಣುತ್ತೆ.’

ಸಂಜೆ ಅಕ್ಕ ಫೋನ್ ಮಾಡಿದ್ದಳು. ಬೆನ್ನುನೋವಂತೆ. ಇಸ್ತ್ರಿ ಮಾಡಿ ಮಾಡಿ ಬಂದಿರಬೇಕು ಎಂದಳು.

ಫೆಬ್ರವರಿ 21, ಶನಿವಾರ

ಅಕ್ಕನ ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟೊಡನೆ ಬಿಸಿ ಉಣ್ಣೆಯ ವಾಸನೆ, ಹಬೆಯ ಸದ್ದು. ಕೌಂಟರಿನ ಮುಂದೆ ನಿಂತಿದ್ದ ಗಿರಾಕಿಗೆ ನನ್ನನ್ನು ತೋರಿಸಿ ಅಕ್ಕ ಎಂದಿನ ಮಾತು ಹೇಳಿದಳು: ‘ಇವಳು ನನ್ನ ತಂಗಿ. ನಾನು ಬಟ್ಟೆ ಮೇಲಿನ ಕಲೆ ತೆಗೆದು ಹೊಟ್ಟೆ ಹೊರೀತೀನಿ, ಇವಳು ಗಾಜಿನ ಮೇಲೆ ಕಲೆ ಹಾಕಿ ಹೊರೀತಾಳೆ. ಸಂಬಳ ಅವಳಿಗೇ ಜಾಸ್ತಿ.’

ಹಿಂಬದಿಯ ಗೋಡೆಗೆ ಒಂದು ಉದ್ದನೆಯ ಕಂಬಿ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯೊಳಗೆ ತೂಗುತ್ತಿರುವುದು ಕೊಟ್ಟವರು ಮರಳಿ ಬಾರದ ಬಟ್ಟೆಗಳು. ಕೋಟು, ಪರದೆ, ಯಾರದೋ ಮಗುವಿನ ಸಮವಸ್ತ್ರ. ವರ್ಷ ದಾಟಿದರೆ ಮಾರಿಕೊಳ್ಳಬಹುದು ಎಂದು ರಸೀದಿಯಲ್ಲೇ ಅಚ್ಚಾಗಿದೆ. ಅಕ್ಕ ಒಂದನ್ನೂ ಮಾರಿಲ್ಲ.

‘ಒಗೆದ ಮೇಲೆ ಮುಟ್ಟಿಸಬೇಕು ಕಣೆ ಪುಟ್ಟಿ. ಅಲ್ಲೀವರೆಗೆ ಕೆಲಸ ಮುಗಿದ ಹಾಗಲ್ಲ. ಈ ವರ್ಷ ಒಬ್ಬೊಬ್ಬರಿಗೇ ಫೋನ್ ಮಾಡಿ ಖಾಲಿ ಮಾಡ್ತೀನಿ. ಬೆನ್ನು ಒಂದು ನೆಟ್ಟಗಾಗ್ಲಿ.’

ಹೋದ ವರ್ಷವೂ ಹೀಗೇ ಹೇಳಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಲ್ಲಿ ಎತ್ತುತ್ತಿದ್ದಾಳೆ. ನಾಲ್ಕು ವರ್ಷದ ಹಿಂದೆ ಸ್ತನದ ಆಪರೇಷನ್ ಆದದ್ದು ಬಲಗಡೆ. ಅದಕ್ಕೂ ಇದಕ್ಕೂ ಸಂಬಂಧವಿರಬೇಕಾಗಿಲ್ಲ. ಆದರೂ ಸ್ಕ್ಯಾನ್ ಮಾಡಿಸಲು ಹೇಳಿ ಬಂದೆ. ಮಗಳು ಗುಬ್ಬಿ ಕರೆದುಕೊಂಡು ಹೋಗುತ್ತಾಳೆ. ಭಾವ ತೀರಿಕೊಂಡ ಮೇಲೆ ತಾಯಿ ಮಗಳಿಬ್ಬರೇ ಅಂಗಡಿಯ ಮೇಲಿನ ಮನೆಯಲ್ಲಿರುವುದು.

ಮಾರ್ಚ್ 5, ಗುರುವಾರ

ರಿಪೋರ್ಟ್ ಬಂತು. ಗುಬ್ಬಿ ಫೋಟೋ ತೆಗೆದು ಕಳಿಸಿದಳು. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಬೆನ್ನುಮೂಳೆಯಲ್ಲಿ ಒಂದೆರಡು ಕಡೆ ಇದೆ. ಲಿವರಿನಲ್ಲೂ ಸ್ವಲ್ಪ. ಗಾತ್ರ ನೋಡಿದರೆ ಚಿಕ್ಕವೇ. ಇಂಥ ವರದಿಗಳ ಭಾಷೆಯೇ ಹಾಗೆ, ಇರುವುದಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುತ್ತದೆ.

ಅಕ್ಕ ಫೋನಿನಲ್ಲಿ ಸುತ್ತು ಬಳಸಲಿಲ್ಲ. ‘ನೀನು ದಿನಾ ನೋಡೋದು ಇದನ್ನೇ ತಾನೆ. ಹೇಳು, ಹರಡಿದೆಯಾ?’

‘ಸ್ವಲ್ಪ.’

‘ಸ್ವಲ್ಪ ಅಂದ್ರೆ?’

‘ಸ್ವಲ್ಪ ಅಂದ್ರೆ ಸ್ವಲ್ಪ ಅಕ್ಕಾ.’

ಸುಳ್ಳು ಹೇಳಿದೆನೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. ಇಲ್ಲ. ಕಂಡದ್ದನ್ನೇ ಹೇಳಿದ್ದೇನೆ.

ಮಾರ್ಚ್ 12, ಗುರುವಾರ

ಆಸ್ಪತ್ರೆಯಲ್ಲಿ ಅಕ್ಕನನ್ನು ನೋಡುವ ಕೀಮೋ ಡಾಕ್ಟರ್ ನನಗಿಂತ ಚಿಕ್ಕವಳು. ಸಮಾಧಾನದ ಹುಡುಗಿ. ಹೇಳಿದ್ದನ್ನು ಹಾಗೆಯೇ ಬರೆದಿಡುತ್ತೇನೆ.

‘ಔಷಧಿ ಕೊಡಬಹುದು. ಕೊಟ್ಟರೆ ಸುಸ್ತು, ವಾಂತಿ ಇರುತ್ತೆ, ಹೆಚ್ಚು ಹೊತ್ತು ಮಲಗಿರಬೇಕಾಗುತ್ತೆ. ಕೊಡದೆ ನೋವಿಗೆ ಮಾತ್ರ ನೋಡಿಕೊಂಡ್ರೆ ಒಂದೆರಡು ತಿಂಗಳು ಓಡಾಡಿಕೊಂಡು ಇರಬಹುದು. ಕೊಟ್ರೆ ಉಪಯೋಗ ಎಷ್ಟು ಅನ್ನೋದು, ಹರಡಿರೋ ರೀತಿ ನೋಡಿದ್ರೆ...’ ಅಷ್ಟು ಹೇಳಿ ನನ್ನ ಕಡೆ ನೋಡಿದಳು. ಉಳಿದದ್ದು ನನಗೆ ಅರ್ಥವಾಗುತ್ತದೆ ಎಂದುಕೊಂಡಿರಬೇಕು.

ಹೊರಗಿನ ಬೆಂಚಿನ ಮೇಲೆ ಅಕ್ಕ ನನ್ನ ಮೊಣಕೈ ಹಿಡಿದು ಕೂರಿಸಿದಳು. ‘ಈಗ ನೀನು ಹೇಳು. ತಗೊಳ್ಲಾ, ಬಿಡ್ಲಾ? ಉಪಯೋಗ ಇಲ್ಲಾಂದ್ರೆ ಮಲಗಿ ದಿನ ಹಾಳು ಮಾಡಿಕೊಳ್ಳೋಕೆ ನಂಗಿಷ್ಟ ಇಲ್ಲ. ಆ ಕಂಬಿ ಖಾಲಿ ಮಾಡಬೇಕು. ಗುಬ್ಬಿಗೆ ಮೆಷಿನ್ ಬಿಚ್ಚಿ ಜೋಡಿಸೋದು ಕಲಿಸಬೇಕು. ಕೈಲಾಗೋ ದಿನ ಎಷ್ಟಿದೆಯೋ ಅಷ್ಟನ್ನೂ ಅದಕ್ಕೇ ಇಟ್ಕೋತೀನಿ.’

‘ತಗೋ ಅಕ್ಕಾ. ಇನ್ನೂ ಹಿಡಿತದಲ್ಲಿದೆ.’

‘ನಿಂಗೆ ಹಾಗೆ ಕಾಣುತ್ತಾ?’

‘ಹೂಂ.’

‘ಸರಿ ಹಾಗಿದ್ರೆ.’ ಎದ್ದು ಸೆರಗು ಸರಿಮಾಡಿಕೊಂಡಳು. ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಾರ್ಚ್ 18, ಬುಧವಾರ

ಆಂಟಿಬಾಡಿಯ ಹೊಸ ಬಾಟಲಿಯಲ್ಲಿ ಏನೋ ದೋಷವಿದೆ. ಹೋದ ವಾರ ಅದನ್ನು ಬಳಸತೊಡಗಿದಂದಿನಿಂದ ಬಣ್ಣ ಏರುತ್ತಿಲ್ಲ. ಫೆಬ್ರವರಿಯಲ್ಲಿ ಕಂಡಿದ್ದ ಗಟ್ಟಿ ಕಂದು ಈಗ ಎಲ್ಲೂ ಇಲ್ಲ, ತೊಳೆದಿಟ್ಟ ಹಾಗಿದೆ. ಬಹುಪಾಲು ಒಂದು, ಅಲ್ಲೊಂದು ಇಲ್ಲೊಂದು ಎರಡು.

ಪ್ರತಿ ಸಲವೂ ಜೊತೆಗೆ ಒಂದು ಕಂಟ್ರೋಲ್ ಸ್ಲೈಡ್ ಇಡುತ್ತೇವೆ, ಪ್ರೋಟೀನ್ ಇದ್ದೇ ಇದೆ ಎಂದು ಮೊದಲೇ ಗೊತ್ತಿರುವ ಚೂರು. ಅದು ಕಂದಾದರೆ ಆಂಟಿಬಾಡಿ ಕೆಲಸ ಮಾಡಿದೆ ಎಂದರ್ಥ. ಅದು ಚೆನ್ನಾಗಿಯೇ ಕಂದಾಗಿದೆ. ಹಾಗಿದ್ದರೂ ಉಳಿದವು ಯಾಕೆ ಹೀಗೆ ಎನ್ನುವುದು ತಿಳಿಯುತ್ತಿಲ್ಲ. ಕಂಪನಿಗೆ ಬರೆಯಬೇಕು.

ಸೋಮವಾರ ಅಕ್ಕನಿಗೆ ಮೊದಲ ಡೋಸ್ ಆಯಿತು. ಸ್ವಲ್ಪ ಸುಸ್ತು.

ಮಾರ್ಚ್ 27, ಶುಕ್ರವಾರ

ಅಕ್ಕ ಮೇಲಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನೀರಿಗೂ ವಾಸನೆ ಬರುತ್ತದಂತೆ. ಕೆಳಗೆ ಗುಬ್ಬಿ ಹಬೆ ಬಿಟ್ಟ ಸದ್ದು ಕೇಳಿ ಕಣ್ಣು ತೆರೆಯದೆಯೇ ಹೇಳಿದಳು: ‘ಅದು ಉಣ್ಣೆ. ಅಷ್ಟು ಹಬೆ ಬಿಟ್ರೆ ಕುಗ್ಗುತ್ತೆ ಅಂತ ಹೇಳಿ ಬಾರೆ.’ ಇಳಿದು ಹೋಗಿ ನೋಡಿದರೆ ನಿಜಕ್ಕೂ ಉಣ್ಣೆಯೇ. ಗುಬ್ಬಿ ಮುಖ ಊದಿಸಿಕೊಂಡು, ‘ಅಮ್ಮಂಗೆ ಕಿವೀಲೇ ಕಣ್ಣಿದೆ’ ಎಂದಳು.

ಕಂಬಿಯ ಮೇಲಿನ ಬಟ್ಟೆಗಳು ಹಾಗೆಯೇ ಇವೆ.

ಏಪ್ರಿಲ್ 2, ಗುರುವಾರ

ಎಲ್ಲವನ್ನೂ ಒಂದೊಂದಾಗಿ ಬದಲಾಯಿಸಿ ನೋಡಿದೆ. ತೊಳೆಯುವ ದ್ರಾವಣ ಹೊಸದು. ಓವನ್ನಿನ ಬಿಸಿ ಅಳೆದೆ, ಸರಿಯಿದೆ. ಆಂಟಿಬಾಡಿಯನ್ನು ಇಮ್ಮಡಿ ಗಾಢ ಮಾಡಿದೆ. ಸ್ವಲ್ಪವೂ ವ್ಯತ್ಯಾಸವಿಲ್ಲ. ಕಂಪನಿಯವರು ಬಾಟಲಿಯಲ್ಲಿ ದೋಷವಿಲ್ಲ ಎನ್ನುತ್ತಾರೆ. ಇನ್ನೇನು ಹೇಳಿಯಾರು.

ಅಂಕಿಗಳನ್ನು ಒಟ್ಟುಗೂಡಿಸುವ ಆಫೀಸಿನವರು, ತಕ್ಕಡಿ ಸರ್ ಅಂಕಿಗೂ ನನ್ನ ಅಂಕಿಗೂ ಈಚೆಗೆ ತಾಳೆಯಾಗುತ್ತಿಲ್ಲ ಎಂದರು. ಲಿಫ್ಟಿನಲ್ಲಿ ಸರ್ ಸಿಕ್ಕಾಗ ನಿಯಮ ಮೀರಿ ಕೇಳಿಬಿಟ್ಟೆ.

‘ಸರ್, ಮೈಕ್ರೋಸ್ಕೋಪಿನ ಲ್ಯಾಂಪ್ ಬದಲಾಯಿಸಿದ್ರಾ?’

‘ಇಲ್ಲ. ನೀವು?’

‘ನಾನ್ಯಾಕೆ ಬದಲಾಯಿಸ್ಲಿ.’

‘ಅದೂ ಸರಿನೇ’ ಎಂದರು. ತಮ್ಮ ಮಹಡಿ ಬಂದರೂ ಇಳಿಯದೆ ನನ್ನ ಜೊತೆ ಕೊನೆಯವರೆಗೆ ಬಂದು, ಅದೇ ಲಿಫ್ಟಿನಲ್ಲಿ ಹಿಂದಿರುಗಿದರು. ವಯಸ್ಸಾಗಿದೆ. ಕಣ್ಣಿಗೆ ಪೊರೆ ಬಂದಿದ್ದರೆ ಎಲ್ಲವೂ ಕಂದಾಗಿ ಕಾಣುತ್ತದೆಯೇನೋ. ಯಾರು ಹೇಳಬೇಕು ಅವರಿಗೆ?

ಏಪ್ರಿಲ್ 10, ಶುಕ್ರವಾರ

ಇಡೀ ಟ್ರೇಯಲ್ಲಿ ಒಂದೂ ಮೂರಿಲ್ಲ. ಒಳ್ಳೆಯ ದಿನ.

ಏಪ್ರಿಲ್ 15, ಬುಧವಾರ

ಎರಡನೆಯ ಡೋಸ್ ಆದಮೇಲೆ ಅಕ್ಕ ಕೆಳಗೆ ಇಳಿದಿಲ್ಲ. ಇಂದು ಲೋಟ ಹಿಡಿಯಲು ಹೋಗಿ ಕೈಜಾರಿ ಹಾಸಿಗೆಯೆಲ್ಲ ಒದ್ದೆಯಾಯಿತು. ಎತ್ತಿ ಕೂರಿಸುವಾಗ ಬೆನ್ನ ಮೂಳೆಗಳು ನನ್ನ ಅಂಗೈಗೆ ಒಂದೊಂದಾಗಿ ಸಿಕ್ಕವು.

‘ಔಷಧಿಯ ಸುಸ್ತು. ಸ್ವಲ್ಪ ದಿನ’ ಎಂದೆ.

ಗುಬ್ಬಿ ಹೊಸ ಚಾದರ ಹಾಸುತ್ತಿದ್ದವಳು ಕೈ ನಿಲ್ಲಿಸಿದಳು. ‘ಚಿಕ್ಕಮ್ಮ, ನಿಮ್ಮ ಲೆಕ್ಕದಲ್ಲಿ ಇದು ಸ್ವಲ್ಪನಾ?’

ಎಳೆ ವಯಸ್ಸು, ಹೆದರಿದ್ದಾಳೆ. ಚಾದರದ ಇನ್ನೊಂದು ತುದಿ ಹಿಡಿದು ಎಳೆದೆ.

ಏಪ್ರಿಲ್ 21, ಮಂಗಳವಾರ

ಆದದ್ದನ್ನು ಕ್ರಮವಾಗಿ ಬರೆಯಲು ನೋಡುತ್ತೇನೆ.

ಮಧ್ಯಾಹ್ನ ತಕ್ಕಡಿ ಸರ್ ತಮ್ಮ ಕೋಣೆಗೆ ಕರೆದರು. ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪ್ ಅಲ್ಲಿದೆ. ನಾನು ಆಚೆ ಕೂತೆ. ಅವರು ಒಂದು ಸ್ಲೈಡ್ ಇಟ್ಟರು.

‘ಎಷ್ಟು?’

‘ಒಂದು.’

ಇನ್ನೊಂದು ಇಟ್ಟರು. ‘ಇದು?’

‘ಒಂದು. ತೀರಾ ಉದಾರವಾಗಿ ನೋಡಿದ್ರೆ ಒಂದೂವರೆ.’

ಹೀಗೆ ಕೆಲವು. ಆಮೇಲೆ ಸ್ಲೈಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಉಗುರಿನಿಂದ ಅವುಗಳ ಚೀಟಿ ಎಬ್ಬಿಸತೊಡಗಿದರು. ಕೆಳಗೆ ಹಳೆಯ ಚೀಟಿ. ಫೆಬ್ರವರಿಯ ಮೊದಲ ಟ್ರೇಯವು. ಅವಕ್ಕೆ ಅಂದು ನಾನು ಕೊಟ್ಟ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಮೂರು. ಮೂರು. ಎರಡು. ಮೂರು.

‘ಹತ್ತರಲ್ಲಿ ಒಂದು ಸ್ಲೈಡ್‌ಗೆ ಹೊಸ ಚೀಟಿ ಹಚ್ಚಿ, ಓದಿದವರಿಗೇ ಮತ್ತೆ ಓದಿಸಬೇಕು. ನಿಯಮ ನೀವೇ ಬರೆದದ್ದು ಮೇಡಂ. ಹೋದ ತಿಂಗಳಿಂದ ನಿಮ್ಮ ಟ್ರೇಗಳಲ್ಲಿ ಸೇರಿಸ್ತಾ ಇದೀನಿ.’

ನಾನು ಬರೆದದ್ದು ನನಗೆ ಮರೆತೇ ಹೋಗಿತ್ತು.

‘ಬಣ್ಣ ಮಾಸಿರಬಹುದಲ್ವಾ ಸರ್?’

‘ಈ ಕಂದು ನಾನು ಸತ್ತ ಮೇಲೂ ಹೀಗೇ ಇರುತ್ತೆ.’ ನಿಧಾನವಾಗಿ ಸೇರಿಸಿದರು: ‘ಇವಕ್ಕೆ ಬಣ್ಣ ಹಾಕಿದ್ದು ಹಳೇ ಬಾಟಲಿಯಿಂದ. ಬಾಟಲಿದೇನೂ ತಪ್ಪಿಲ್ಲ. ಲ್ಯಾಂಪ್‌ದೂ ಇಲ್ಲ.’

ಅವುಗಳಲ್ಲೊಂದನ್ನು ಮತ್ತೆ ಮೈಕ್ರೋಸ್ಕೋಪಿನಡಿ ಇಟ್ಟರು. ನಾನು ಮತ್ತೆ ಕಣ್ಣಿಟ್ಟೆ. ಅಂಚಿನುದ್ದಕ್ಕೂ ಸಾಲುಸಾಲಾಗಿ ದಟ್ಟ ಕಂದು, ಗುಂಪು ಬಿಟ್ಟು ಹೊರಗೆ ಚಾಚಿಕೊಂಡಿರುವ ಕೋಶಗಳು. ಐದು ನಿಮಿಷದ ಹಿಂದೆ ಇದೇ ಜಾಗ ನನಗೆ ಬರೀ ಮಸುಕಾಗಿ ಕಂಡಿತ್ತು.

‘ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?’

‘ಅಕ್ಕಂಗೆ.’

‘ನನ್ನ ಹೆಂಡತಿ ಮಲಗಿದಾಗ ನಾನು ಆರು ತಿಂಗಳು ಓದ್ಲಿಲ್ಲ. ತಿಳಿವಳಿಕೆ ಇತ್ತು ಅಂತಲ್ಲ. ಆಗಿನ ಮೇಲಧಿಕಾರಿ ಕೋಣೆಗೆ ಬೀಗ ಹಾಕಿ ಬೀಗದಕೈ ತಗೊಂಡು ಹೋದ. ತುಂಬಾ ಬೈದುಕೊಂಡೆ ಅವನನ್ನ.’

ಮಾರ್ಚಿನಿಂದ ಓದಿದ್ದೆಲ್ಲವನ್ನೂ ತೆಗೆದುಹಾಕಬೇಕು. ಹಾಗೇ ಬಿಟ್ಟಿದ್ದರೆ ನನ್ನ ಪ್ರೋಟೀನ್ ಯಾರಿಗೂ ಏನೂ ಮಾಡದ ಪಾಪದ ವಸ್ತುವೆಂದು ತೀರ್ಮಾನವಾಗುತ್ತಿತ್ತು.

ಏಪ್ರಿಲ್ 22, ಬುಧವಾರ

ಅಕ್ಕನ ರಿಪೋರ್ಟನ್ನು ಲ್ಯಾಬಿನಲ್ಲಿ ಪ್ರಿಂಟ್ ಮಾಡಿದೆ. ಹೆಸರಿದ್ದ ಜಾಗಕ್ಕೆ ಸ್ಲೈಡಿನ ಖಾಲಿ ಚೀಟಿಯೊಂದನ್ನು ಅಂಟಿಸಿ, ಗೊತ್ತಿಲ್ಲದವರದ್ದನ್ನು ಓದುವಂತೆ ಮೊದಲಿನಿಂದ ಓದಿದೆ.

ಬೆನ್ನುಮೂಳೆಯಲ್ಲಿ ಮೇಲಿಂದ ಕೆಳಗಿನವರೆಗೆ. ಸೊಂಟದ ಮೂಳೆಯಲ್ಲಿ. ಲಿವರಿನ ಎರಡೂ ಭಾಗಗಳಲ್ಲಿ, ಎಣಿಸಲಾಗದಷ್ಟು. ಎಡ ಶ್ವಾಸಕೋಶದ ತಳದಲ್ಲಿ. ಶ್ವಾಸಕೋಶದ ಸಾಲನ್ನು ನಾನು ಮೊದಲ ಬಾರಿಗೆ ನೋಡುತ್ತಿದ್ದೇನೆ. ಅದು ಅದೇ ಪುಟದಲ್ಲಿತ್ತು.

ಏಪ್ರಿಲ್ 23, ಗುರುವಾರ

ಹೇಳಿದೆ. ಎಲ್ಲೆಲ್ಲಿ, ಎಷ್ಟೆಷ್ಟು ಎಂದು. ಡಾಕ್ಟರ್ ಅಂದು ಮುಗಿಸದೆ ಬಿಟ್ಟ ಮಾತು ಏನಾಗಿತ್ತು ಎಂದೂ ಹೇಳಿದೆ. ಅಕ್ಕ ಚಾವಣಿ ನೋಡುತ್ತ ಕೇಳಿದಳು.

‘ಇದೆಲ್ಲ ಆಗಲೇ ಇತ್ತಾ? ಮಾರ್ಚಿನಲ್ಲೇ?’

‘ಇತ್ತು.’

‘ನೀನು ನೋಡಿದ್ದೆ.’

‘ಸುಳ್ಳು ಹೇಳ್ಲಿಲ್ಲ ಅಕ್ಕಾ. ನಂಗೆ ಹಾಗೇ ಕಂಡಿತ್ತು.’

‘ಅದಿನ್ನೂ ಕಷ್ಟ ಕಣೆ.’ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ‘ಸಮಾಧಾನ ಹೇಳೋಕೆ ಬೇಕಾದಷ್ಟು ಜನ ಇದ್ರು. ಎದುರುಮನೆಯವಳು ದಿನಾ ಬಂದು ಹೇಳ್ತಾಳೆ. ನಿನ್ನನ್ನ ಕೇಳಿದ್ದು ಯಾಕೆ?’

ಅವಳು ಗೋಡೆಯ ಕಡೆ ಹೊರಳಿದಳು. ನಾನು ಹೊರಡಲಿಲ್ಲ. ಕೆಳಗೆ ಗುಬ್ಬಿ ಅಂಗಡಿ ಮುಚ್ಚುವ ಸದ್ದಾಯಿತು. ಆಮೇಲೆ ಅಕ್ಕ ಗೋಡೆಗೇ ಹೇಳಿದಳು: ‘ನಾಳೆ ಡಾಕ್ಟರಿಗೆ ಹೇಳು, ಆ ಔಷಧಿ ಇನ್ನು ಬೇಡ. ನೋವಿನದು ಕೊಡ್ಲಿ ಸಾಕು.’

ಅವಳು ನನ್ನನ್ನು ಕ್ಷಮಿಸಿದಳೇ? ಹಾಗೆ ಬರೆದುಕೊಳ್ಳಲು ಕಾರಣ ಹುಡುಕುತ್ತಿದ್ದೇನೆ ಅನ್ನಿಸಿತು. ಬರೆಯುವುದಿಲ್ಲ.

ಮೇ 9, ಶನಿವಾರ

ಓದುವುದರಿಂದ ನನಗೆ ರಜೆ. ತಕ್ಕಡಿ ಸರ್ ಬೀಗ ಹಾಕಲಿಲ್ಲ, ನಾನೇ ಟ್ರೇಗಳನ್ನು ಅವರ ಕೋಣೆಯಲ್ಲಿಟ್ಟು ಬಂದೆ. ದಿನವೂ ಅಂಗಡಿಗೆ ಬರುತ್ತೇನೆ.

ಔಷಧಿ ಬಿಟ್ಟ ಮೇಲೆ ಅಕ್ಕನಿಗೆ ಮತ್ತೆ ನೀರು ರುಚಿಸುತ್ತಿದೆ. ಬೆಳಗಿನ ಹೊತ್ತು ಕೌಂಟರಿನ ಹಿಂದೆ ದಿಂಬು ಒತ್ತಿ ಕೂರಿಸುತ್ತೇವೆ. ಗುಬ್ಬಿ ಮೆಷಿನ್ ಬಿಚ್ಚುತ್ತಾಳೆ, ಅಕ್ಕ ಬೈಯುತ್ತಾಳೆ. ನಾನು ರಸೀದಿ ನೋಡಿ ನಂಬರ್ ಒತ್ತಿ ಫೋನನ್ನು ಅಕ್ಕನ ಕಿವಿಗೆ ಹಿಡಿಯುತ್ತೇನೆ. ಇಂದು ಒಬ್ಬ, ಆ ಸೂಟ್ ಮದುವೆಗೆಂದು ಹೊಲಿಸಿದ್ದು, ಮದುವೆ ಮುರಿದುಬಿತ್ತು, ಬೇಡ ಎಂದ.

‘ಮದುವೆ ಮುರಿದದ್ದಕ್ಕೆ ಸೂಟ್ ಏನು ಮಾಡುತ್ತಪ್ಪಾ?’ ಎಂದಳು ಅಕ್ಕ. ‘ಬಂದು ತಗೊಂಡು ಹೋಗು. ಬೇರೆ ಹುಡುಗಿ ಸಿಗ್ತಾಳೆ, ಇಂಥ ಬಟ್ಟೆ ಸಿಗಲ್ಲ.’ ಸಂಜೆ ಬಂದೇ ಬಂದ. ನಗುತ್ತ ಒಯ್ದ.

ನಾಲ್ಕು ಫೋನ್ ಮಾಡಿದರೆ ಅಕ್ಕನ ದನಿ ಉಡುಗುತ್ತದೆ. ಅರ್ಧಕ್ಕಿಂತ ಹೆಚ್ಚು ಇನ್ನೂ ಕಂಬಿಯಲ್ಲಿವೆ. ಮಾರ್ಚಿನಲ್ಲಿ ಶುರುಮಾಡಿದ್ದರೆ ಮುಗಿಯುತ್ತಿತ್ತು. ಇದನ್ನು ಅವಳು ಹೇಳಲಿಲ್ಲ. ಕಂಬಿಯ ಕಡೆ ನೋಡಿ, ‘ಮುಂದಿನದು ಯಾವುದು, ಬೇಗ ಒತ್ತೇ’ ಎಂದಳು.

ಮೇ 23, ಶನಿವಾರ

ಅಕ್ಕನಿಗೆ ಈಗ ಫೋನಿನಲ್ಲಿ ಮಾತಾಡಲಾಗುವುದಿಲ್ಲ. ಮೇಲಿನ ಕೋಣೆಯಲ್ಲಿ ಅವಳ ಪಕ್ಕದಲ್ಲಿ ಕೂತು ನಾನು ಮಾಡುತ್ತೇನೆ, ಅವಳು ಕೇಳುತ್ತಾಳೆ. ಒಬ್ಬೊಬ್ಬರು ಬಂದು ಒಯ್ದಾಗಲೂ ಗುಬ್ಬಿ ಖಾಲಿ ಹ್ಯಾಂಗರ್ ತಂದು ತೋರಿಸಿ ಹೋಗುತ್ತಾಳೆ.

ಇವತ್ತು ಕಣ್ಣು ಮುಚ್ಚಿಕೊಂಡೇ ಕೇಳಿದಳು. ‘ಪುಟ್ಟಿ, ಇನ್ನೆಷ್ಟು ದಿನ?’

‘ಒಂದು ವಾರ ಅಕ್ಕಾ. ಹೆಚ್ಚಂದ್ರೆ.’

‘ಹೂಂ’ ಎಂದಳು. ಕೈ ಚಾಚಿ ನನ್ನ ಮುಂಗೈ ಹುಡುಕಿ ಹಿಡಿದುಕೊಂಡಳು. ನಾನು ಇನ್ನೊಂದು ಕೈಯಲ್ಲಿ ಮುಂದಿನ ನಂಬರ್ ಒತ್ತಿದೆ.

ಮೇ 31, ಭಾನುವಾರ

ಅಕ್ಕ ಹೋದಳು. ಬೆಳಿಗ್ಗೆ.

ಜೂನ್ 22, ಸೋಮವಾರ

ಓದಲು ಬಂದೆ. ಮೊದಲು ನನಗೆ ಹಳೆಯ ಸ್ಲೈಡುಗಳನ್ನು ಕೊಟ್ಟು ಪರೀಕ್ಷೆ ಮಾಡಿ ಎಂದು ತಕ್ಕಡಿ ಸರ್‌ಗೆ ನಾನೇ ಹೇಳಿದ್ದೆ. ಮಾಡಿದರು. ಅಂಕಿಗಳನ್ನು ಎರಡು ಸಲ ತಾಳೆ ನೋಡಿ, ‘ಪರವಾಗಿಲ್ಲ’ ಎಂದರು. ಅವರ ತೂಕದಲ್ಲಿ ಅದು ದೊಡ್ಡ ಮಾತು. ಮಾರ್ಚಿನಿಂದ ನಾನು ತಪ್ಪಾಗಿ ಓದಿದ ಟ್ರೇಗಳನ್ನೆಲ್ಲ ಇಂದಿನಿಂದ ಹೊಸದಾಗಿ ಓದಬೇಕು.

ಓದುವ ಕೋಣೆ ತಣ್ಣಗಿರುತ್ತದೆ. ಬೂದು ಬಣ್ಣದ ಒಂದು ಕೋಟು ಹಾಕಿಕೊಂಡು ಕೂತೆ. ಕಂಬಿಯಲ್ಲಿ ಉಳಿದ ಕೆಲವೇ ಬಟ್ಟೆಗಳಲ್ಲಿ ಅದೊಂದು. ರಸೀದಿಯ ನಂಬರಿಗೆ ಯಾರೂ ಎತ್ತುವುದಿಲ್ಲ. ನೀವು ಹಾಕಿಕೊಳ್ಳಿ ಚಿಕ್ಕಮ್ಮ, ಅವರು ಬಂದ ದಿನ ಒಗೆದು ಕೊಡೋಣ ಎಂದಳು ಗುಬ್ಬಿ. ತೋಳು ಉದ್ದ. ಮಡಚಿಕೊಂಡಿದ್ದೇನೆ.

ಮೊದಲ ಸ್ಲೈಡ್ ಸೊನ್ನೆ. ಆಮೇಲಿನದು ಎರಡು. ಆರನೆಯದರಲ್ಲಿ ನಿಂತೆ. ನಡುವೆ ಚೆನ್ನಾದ ಕಂದು, ಒಂದು ಮೂಲೆಯಲ್ಲಿ ಸ್ವಲ್ಪ ತಿಳಿ. ಆ ಮೂಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡು ಎನ್ನಬಹುದು. ಚೂರು ಅಲ್ಲಿ ತೆಳುವಾಗಿ ಕೊಯ್ದಿರಬಹುದು, ಅಂಚು ಮಡಚಿರಬಹುದು, ಹಾಗಾಗಿ ಎರಡು. ನಂಬರಿನ ಹಿಂದಿರುವ ಆಕೆ ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಅವಳಿಗೊಬ್ಬ ತಂಗಿ ಇರಬಹುದು.

ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ.

ಬಂದು ಕೂತು ಮೂರು ಎಂದು ಬರೆದೆ. ಮುಂದಿನ ಸ್ಲೈಡ್ ಇಟ್ಟೆ.